ತೋಳ ಬಂತು ತೋಳ, ಆದರೆ ಎಲ್ಲಿಂದ ಬಂತು?

‘ತೋಳ ಬಂತು ತೋಳ’ ಅಂತ ಸುಳ್ಳೇ ಕೂಗಿದ ಕುರಿ ಕಾಯೋ ಹುಡುಗನ ಕತೆ ನಮಗೆಲ್ಲ ಗೊತ್ತು. ಆ ಕತೆಯಲ್ಲಿ ತೋಳ ಎಲ್ಲಿಂದ ಬಂತು ಅಂತ ಯಾರೂ ಕೇಳೋದಿಲ್ಲ. ಕಾಡಿಂದ ಬಂತು, ಮುಗೀತು. ಆದರೆ 1913ರಿಂದ 1945ರ ನಡುವೆ ಹಾಲಿವುಡ್ ತೆಗೆದ ತೋಳಮನುಷ್ಯನ ಸಿನಿಮಾಗಳನ್ನ ಒಂದರ ಹಿಂದೆ ಒಂದು ನೋಡಿದರೆ, ಅಲ್ಲಿ ತೋಳ ಬರೋ ದಾರಿಯೇ ಬೇರೆ. ಒಂದು ಸಲ ಅಮೆರಿಕದ ಮೂಲನಿವಾಸಿ ಹೆಂಗಸಿನ ಮೈಯಿಂದ, ಇನ್ನೊಂದು ಸಲ ಟಿಬೆಟ್‌ನಿಂದ, ಮತ್ತೊಂದು ಸಲ ಊರಾಚೆ ಡೇರೆ ಹಾಕಿರೋ ಅಲೆಮಾರಿಗಳಿಂದ. ಒಳಗಿನವರು ಕಚ್ಚಿಸಿಕೊಳ್ಳೋರು, ಹೊರಗಿನವರು ಕಚ್ಚೋರು.

ಇದನ್ನ ಮೈಸೂರಲ್ಲಿ ಕೂತು ಬರೆಯೋಕೆ ಕಾರಣ ಇದೆ. ಈ ಸಿನಿಮಾಗಳಲ್ಲಿ ಮುಖ್ಯವಾದವನ್ನ ತೆಗೆದದ್ದು ಯೂನಿವರ್ಸಲ್ ಸ್ಟುಡಿಯೋ. ಅದೇ ಸ್ಟುಡಿಯೋದಲ್ಲಿ, ಅದೇ ವರ್ಷಗಳಲ್ಲಿ, ಕಬಿನಿ ತೀರದ ಕಾರಾಪುರದಲ್ಲಿ ಹುಟ್ಟಿದ ಒಬ್ಬ ಮಾವುತನ ಮಗ ಸ್ಟಾರ್ ಆಗಿದ್ದ. ಹೆಸರು ಸಾಬು. ತೋಳಮನುಷ್ಯನ ಪಾತ್ರ ಮಾಡಿದ ನಟನ ಜೊತೆ ಒಂದು ಸಿನಿಮಾದಲ್ಲೂ ಇದ್ದ. ಹಾರರ್ ಸಿನಿಮಾದ ಇತಿಹಾಸ ಬರೆಯೋರು ಸಾಬುವನ್ನ ಆ ಪುಸ್ತಕಕ್ಕೆ ಸೇರಿಸೋದಿಲ್ಲ. ಸಾಬು ಬಗ್ಗೆ ಬರೆಯೋರು ತೋಳದ ಸುದ್ದಿ ಎತ್ತೋದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಬೇರೆ ಥರ ಕಾಣುತ್ತೆ ಅನ್ನೋದು ನನ್ನ ಅನುಭವ.

ಉಳಿಯದೇ ಹೋದ ಮೊದಲ ತೋಳ

ತೋಳಮನುಷ್ಯನ ಮೊದಲ ಸಿನಿಮಾ ಅಂತ ಸಾಮಾನ್ಯವಾಗಿ ಹೇಳೋದು 1913ರ ‘ದಿ ವೇರ್‌ವುಲ್ಫ್’. ಹೆನ್ರಿ ಮ್ಯಾಕ್‌ರೇ ನಿರ್ದೇಶನದ, ಸುಮಾರು 18 ನಿಮಿಷದ ಮೂಕಿ ಚಿತ್ರ. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಕತೆ ಮಾತ್ರ ಗೊತ್ತಿದೆ. ನವಾಹೋ ಬುಡಕಟ್ಟಿನ ಹೆಂಗಸೊಬ್ಬಳು ತನ್ನ ಗಂಡ ಕೈಬಿಟ್ಟು ಹೋದ ಅಂತ ನಂಬಿ, ಬಿಳಿಯರನ್ನ ದ್ವೇಷಿಸೋ ಹಾಗೆ ಮಗಳನ್ನ ಬೆಳೆಸ್ತಾಳೆ. ಮಗಳು ತೋಳವಾಗಿ ಬಿಳಿಯರ ಮೇಲೆ ಬೀಳ್ತಾಳೆ.

ಸ್ವಲ್ಪ ಯೋಚನೆ ಮಾಡಿ. ನೆಲ ಕಳಕೊಂಡವರು ನವಾಹೋಗಳು. 1864ರಲ್ಲಿ ಅಮೆರಿಕದ ಸೈನ್ಯ ಅವರನ್ನ ಅವರದ್ದೇ ನೆಲದಿಂದ ನೂರಾರು ಮೈಲಿ ನಡೆಸಿಕೊಂಡು ಹೋಗಿ ಬಯಲು ಸೆರೆಯಲ್ಲಿಟ್ಟಿತ್ತು. ಅದಾಗಿ ಐವತ್ತು ವರ್ಷಕ್ಕೆ ತೆರೆಯ ಮೇಲೆ ಬಂದ ಕತೆಯಲ್ಲಿ ಮೃಗ ಆಗಿರೋದು ಅವರೇ.

1925ರ ‘ವುಲ್ಫ್ ಬ್ಲಡ್’ ನನಗೆ ಇನ್ನೂ ಇಷ್ಟ, ಸಿನಿಮಾವಾಗಿ ಅಷ್ಟಕ್ಕಷ್ಟೇ ಆದರೂ. ಕೆನಡಾದ ಕಾಡಿನಲ್ಲಿ ಎರಡು ಮರದ ಕಂಪನಿಗಳ ನಡುವೆ ಜಗಳ. ಗಾಯಗೊಂಡ ಒಬ್ಬ ಮೇಸ್ತ್ರಿಗೆ ರಕ್ತ ಬೇಕು. ಸಿಕ್ಕಿದ್ದು ತೋಳದ ರಕ್ತ, ಡಾಕ್ಟರು ಅದನ್ನೇ ಏರಿಸ್ತಾರೆ. ಸುದ್ದಿ ಹಬ್ಬುತ್ತೆ. ಕೂಲಿಗಳು ಅವನಿಂದ ದೂರ ಸರೀತಾರೆ, ಕೊನೆಗೆ ಅವನಿಗೇ ತಾನು ತೋಳ ಅನ್ನಿಸೋಕೆ ಶುರುವಾಗುತ್ತೆ. ಇಡೀ ಸಿನಿಮಾದಲ್ಲಿ ಅವನು ತೋಳ ಆಗೋದೇ ಇಲ್ಲ. ಊರಿನ ಗುಸುಗುಸು ಅವನನ್ನ ಅಷ್ಟು ದೂರ ಕರಕೊಂಡು ಹೋಗುತ್ತೆ. ಮುಂದೆ ಬಂದ ದೊಡ್ಡ ಸಿನಿಮಾಗಳು ಈ ಸೂಕ್ಷ್ಮವನ್ನ ಕೈಬಿಟ್ಟವು.

ಟಿಬೆಟ್‌ನಿಂದ ತಂದ ಹೂವು

ಮಾತಿನ ಯುಗದ ಮೊದಲ ದೊಡ್ಡ ತೋಳ 1935ರಲ್ಲಿ ಬಂತು: ‘ವೇರ್‌ವುಲ್ಫ್ ಆಫ್ ಲಂಡನ್’, ನಿರ್ದೇಶಕ ಸ್ಟುವರ್ಟ್ ವಾಕರ್. ಡಾಕ್ಟರ್ ಗ್ಲೆಂಡನ್ ಅನ್ನೋ ಇಂಗ್ಲಿಷ್ ಸಸ್ಯವಿಜ್ಞಾನಿ ಬೆಳದಿಂಗಳಲ್ಲಿ ಮಾತ್ರ ಅರಳೋ ಹೂವನ್ನ ಹುಡುಕಿಕೊಂಡು ಟಿಬೆಟ್‌ಗೆ ಹೋಗ್ತಾನೆ. ಅಲ್ಲಿನವರು ಆ ಕಣಿವೆಗೆ ಹೋಗಬೇಡ ಅಂತಾರೆ. ಅವನು ಹೋಗ್ತಾನೆ, ಹೂವನ್ನ ಕಿತ್ತು ತರ್ತಾನೆ, ಜೊತೆಗೆ ಒಂದು ಕಡಿತವನ್ನೂ. ವಸಾಹತುಶಾಹಿಯನ್ನ ಒಂದೇ ದೃಶ್ಯದಲ್ಲಿ ತೋರಿಸು ಅಂದರೆ ಇದನ್ನ ತೋರಿಸಬಹುದು. ಬೇಡ ಅಂದ ಜಾಗಕ್ಕೆ ನುಗ್ಗಿ, ಅಲ್ಲಿನದನ್ನ ಕಿತ್ತು ಲಂಡನ್ನಿನ ಪ್ರಯೋಗಾಲಯಕ್ಕೆ ತಂದವನು ಗ್ಲೆಂಡನ್. ಸಿನಿಮಾದ ದೃಷ್ಟಿಯಲ್ಲಿ ಬಲಿಪಶುವೂ ಅವನೇ.

ಕಚ್ಚಿದವನು ಡಾಕ್ಟರ್ ಯೋಗಾಮಿ. ಹೆಸರಿನಲ್ಲೇ ‘ಯೋಗಿ’ ಕೂತಿದೆ, ಪೂರ್ವದವನು ಅಂತ ಬಿಡಿಸಿ ಹೇಳಬೇಕಿಲ್ಲ. ಆ ಪಾತ್ರ ಮಾಡಿದ್ದು ವಾರ್ನರ್ ಓಲಂಡ್, ಸ್ವೀಡನ್ನಿನಲ್ಲಿ ಹುಟ್ಟಿದ ನಟ. ಚೀನೀ ಪತ್ತೇದಾರ ಚಾರ್ಲಿ ಚಾನ್ ಪಾತ್ರದಿಂದ ಹೆಸರಾದವನೂ ಅವನೇ. ಆ ಕಾಲದ ಹಾಲಿವುಡ್‌ನಲ್ಲಿ ಏಷ್ಯಾದವರ ಮುಖ್ಯ ಪಾತ್ರಗಳು ಬಿಳಿಯ ನಟರ ಕಣ್ಣಿನ ಮೇಕಪ್ಪಿಗೆ ಮೀಸಲು.

ಕುಶಲತೆ ವಿಷಯಕ್ಕೆ ಬಂದರೆ ಈ ಸಿನಿಮಾ ಚೆನ್ನಾಗಿದೆ. ಗ್ಲೆಂಡನ್ ಕಂಬಗಳ ಸಾಲಿನ ಹಿಂದೆ ನಡೆದು ಹೋಗ್ತಾನೆ. ಒಂದೊಂದು ಕಂಬ ದಾಟಿದಾಗಲೂ ಮುಖದ ಮೇಲೆ ಕೂದಲು ಒಂದಿಷ್ಟು ಜಾಸ್ತಿ. ಕಂಬದ ಮರೆಯಲ್ಲಿ ಶಾಟ್ ಕತ್ತರಿಸಿ, ಮೇಕಪ್ ಹೆಚ್ಚಿಸಿ, ಮತ್ತೆ ನಡೆಸಿ ಜೋಡಿಸಿದ್ದಾರೆ. ಕಂಪ್ಯೂಟರ್ ಇಲ್ಲದ ಕಾಲದ ಈ ಬುದ್ಧಿವಂತಿಕೆ ಇವತ್ತಿಗೂ ಖುಷಿ ಕೊಡುತ್ತೆ. ಗ್ಲೆಂಡನ್ ಹೆಂಡತಿಯಾಗಿರೋ ನಟಿ ವ್ಯಾಲೆರಿ ಹಾಬ್ಸನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1941: ಓಡಿಬಂದವನು ಬರೆದ ಕತೆ

ತೋಳಮನುಷ್ಯ ಅಂದಾಗ ಪ್ರಪಂಚಕ್ಕೆ ನೆನಪಾಗೋದು 1941ರ ‘ದಿ ವುಲ್ಫ್ ಮ್ಯಾನ್’. ನಿರ್ದೇಶಕ ಜಾರ್ಜ್ ವ್ಯಾಗ್ನರ್, ನಾಯಕ ಲಾನ್ ಚೇನಿ ಜೂನಿಯರ್. ಬಿಡುಗಡೆಯಾಗಿದ್ದು ಡಿಸೆಂಬರ್ 12ಕ್ಕೆ, ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ ಐದೇ ದಿನಕ್ಕೆ. ಮೇಕಪ್ ಮಾಡಿದ್ದು ಜ್ಯಾಕ್ ಪಿಯರ್ಸ್, ಬೋರಿಸ್ ಕಾರ್ಲಾಫ್‌ನನ್ನ ಫ್ರಾಂಕನ್‌ಸ್ಟೈನ್ ಭೂತ ಮಾಡಿದವನು. ಚೇನಿಯ ಮುಖಕ್ಕೆ ಅಂಟಿಸಿದ್ದು ಯಾಕ್ ಕೂದಲು. ಕತೆ ವೇಲ್ಸ್‌ನದ್ದಾದರೂ ತೋಳದ ತುಪ್ಪಳ ಮಾತ್ರ ಹಿಮಾಲಯದ ಕಡೆಯದ್ದು!

ಕತೆ ಬರೆದವನು ಕರ್ಟ್ ಸಿಯೋಡ್ಮಾಕ್. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ 1902ರಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಟ್ಟು, ಇಂಗ್ಲೆಂಡ್ ಮೂಲಕ 1937ರಲ್ಲಿ ಅಮೆರಿಕ ಸೇರಿದ. ತೋಳಮನುಷ್ಯನ ಬಗ್ಗೆ ಹಳೇ ಜಾನಪದ ಅಂತ ಜನ ನಂಬಿರೋ ಎಷ್ಟೋ ಸಂಗತಿಗಳಿಗೆ ಇವನ ಕತೆಯೇ ಮೂಲ. ಸಿನಿಮಾದಲ್ಲಿ ಊರವರೆಲ್ಲ ಬಾಯಿಪಾಠ ಹೇಳೋ ನಾಲ್ಕು ಸಾಲಿನ ಪದ್ಯವೂ ಯಾವ ಅಜ್ಜಿ ಹೇಳಿದ್ದೂ ಅಲ್ಲ, ಇವನೇ ಕಟ್ಟಿದ್ದು. ಬೆಳ್ಳಿಯಿಂದಲೇ ಸಾಯಬೇಕು ಅನ್ನೋ ನಿಯಮವನ್ನ ಊರೂರಿಗೆ ಮುಟ್ಟಿಸಿದ್ದೂ ಈ ಸಿನಿಮಾ.

ಅವನ ಇನ್ನೊಂದು ಸೇರ್ಪಡೆ ನಕ್ಷತ್ರ. ತೋಳಮನುಷ್ಯನಿಗೆ ತಾನು ಮುಂದೆ ಕೊಲ್ಲೋರ ಅಂಗೈಯಲ್ಲಿ ನಕ್ಷತ್ರದ ಗುರುತು ಕಾಣುತ್ತೆ. 1941ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಯಹೂದಿಗಳು ಬಟ್ಟೆ ಮೇಲೆ ಹಳದಿ ನಕ್ಷತ್ರ ಹೊಲಿಸಿಕೊಳ್ಳಬೇಕು ಅಂತ ಆಜ್ಞೆಯಾಗಿತ್ತು. ಪೋಲೆಂಡಿನಲ್ಲಿ ಅಂಥ ಗುರುತು ಮೊದಲೇ ಕಡ್ಡಾಯವಾಗಿತ್ತು. ಸಿನಿಮಾದ ನಕ್ಷತ್ರಕ್ಕೆ ಐದು ಮೂಲೆ, ಯಹೂದಿ ನಕ್ಷತ್ರಕ್ಕೆ ಆರು. ಆದರೂ ಗುರುತು ಹಾಕಿಸಿಕೊಂಡವನೇ ಮುಂದಿನ ಬಲಿ ಅನ್ನೋ ಕಲ್ಪನೆ ಆ ವರ್ಷ, ಆ ಲೇಖಕನ ಕೈಯಿಂದ ಬಂದಿರೋದು ಕಾಕತಾಳೀಯ ಅಂತ ನಂಬೋದು ನನಗಂತೂ ಕಷ್ಟ. ತೋಳದ ಆಯ್ಕೆಯೂ ಹಾಗೇ. ಹಿಟ್ಲರ್ ತನ್ನನ್ನ ‘ವುಲ್ಫ್’ ಅಂತ ಕರೆಸಿಕೊಳ್ತಿದ್ದ. 1941ರಲ್ಲೇ ಪೂರ್ವ ಪ್ರಷ್ಯಾದ ಕಾಡಿನಲ್ಲಿ ಅವನು ಹೂಡಿದ ಯುದ್ಧ ಠಾಣೆಯ ಹೆಸರು ‘ತೋಳದ ಬಿಲ’.

ಇಷ್ಟೆಲ್ಲ ಗೊತ್ತಿದ್ದ ಸಿಯೋಡ್ಮಾಕ್ ರೋಗದ ಮೂಲವನ್ನ ಎಲ್ಲಿಟ್ಟ? ಊರ ಹೊರಗೆ ಡೇರೆ ಹಾಕಿದ ‘ಜಿಪ್ಸಿ’ಗಳಲ್ಲಿ. ಮೊದಲು ಕಚ್ಚೋ ತೋಳ ಬೇಲಾ ಅನ್ನೋ ಕಣಿ ಹೇಳೋನು. ಆ ಪಾತ್ರ ಹಂಗೇರಿಯ ಬೇಲಾ ಲುಗೋಸಿಯದ್ದು. ಅವನ ತಾಯಿ ಮಲೇವಾ ಆಗಿ ರಷ್ಯಾದ ಮರಿಯಾ ಉಸ್ಪೆನ್‌ಸ್ಕಾಯಾ, ಇಡೀ ಸಿನಿಮಾದ ಅತ್ಯುತ್ತಮ ನಟನೆ ಇವರದ್ದೇ. ಜಿಪ್ಸಿ ಅಂತ ಬೇರೆಯವರು ಕರೆಯೋ ಈ ಜನ ತಮ್ಮನ್ನ ರೋಮಾ ಅಂತ ಕರಕೊಳ್ತಾರೆ. ಅವರ ಭಾಷೆ ಇಂಡೋ-ಆರ್ಯನ್. ಪೂರ್ವಿಕರು ಸಾವಿರ ವರ್ಷದ ಹಿಂದೆ ಭಾರತದ ವಾಯವ್ಯದಿಂದ ಹೊರಟವರು. ಈ ಸಿನಿಮಾ ತೆರೆಕಂಡ ದಿನಗಳಲ್ಲೇ ನಾಜಿಗಳು ಯಹೂದಿಗಳ ಜೊತೆ ರೋಮಾಗಳನ್ನೂ ಕೊಲ್ತಿದ್ದರು. ಯುದ್ಧ ಮುಗಿಯೋ ಹೊತ್ತಿಗೆ ಲಕ್ಷಾಂತರ ರೋಮಾಗಳು ಹತರಾಗಿದ್ದರು. ತಾನು ಬೇಟೆಯಾಗಿ ಓಡಿಬಂದವನು, ಕತೆ ಕಟ್ಟೋವಾಗ ಅದೇ ಬೇಟೆಗಾರನ ಇನ್ನೊಂದು ಬೇಟೆಯನ್ನ ಸೋಂಕಿನ ಮೂಲ ಮಾಡಿದ. ಸಿಯೋಡ್ಮಾಕ್ ಕೆಟ್ಟವನು ಅಂತ ಹೇಳ್ತಿಲ್ಲ. ಸಿದ್ಧ ಅಚ್ಚು ಅಷ್ಟು ಬಲವಾಗಿರುತ್ತೆ, ಪೆಟ್ಟು ತಿಂದವನ ಕೈಯೂ ಅದಕ್ಕೇ ಹೋಗುತ್ತೆ.

ನಮಗೆ ಈ ಅಚ್ಚು ಹೊಸದಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಲೆಮಾರಿ ಸಮುದಾಯಗಳಿಗೆ ಹುಟ್ಟು ಅಪರಾಧಿಗಳು ಅಂತ ಮೊಹರು ಒತ್ತಿತ್ತು. ಅದನ್ನ ತೆಗೆಯೋಕೆ 1952ರ ತನಕ ಕಾಯಬೇಕಾಯ್ತು. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ಮಾತೂ ಇಂಡೋ-ಆರ್ಯನ್ ಬಳಗದ್ದೇ. 2023ರಲ್ಲಿ ಸುಡಾನಿನ ಯುದ್ಧದ ನಡುವೆ ರಾಜ್ಯದ ಹಕ್ಕಿಪಿಕ್ಕಿಗಳು ಸಿಕ್ಕಿಹಾಕಿಕೊಂಡಾಗ, ಇವರು ಅಲ್ಲಿಗೆ ಯಾಕೆ ಹೋದರು ಅಂತ ಮೂಗು ಮುರಿದವರ ಮಾತು ನಾನೂ ಕೇಳಿಸಿಕೊಂಡಿದ್ದೇನೆ. ವ್ಯಾಪಾರಕ್ಕೆ ದೇಶ ಬಿಟ್ಟ ಬೇರೆ ಯಾರನ್ನೂ ಹಾಗೆ ಕೇಳಿದ್ದು ಕಂಡಿಲ್ಲ.

ಜಮೀನ್ದಾರನ ಮಗ ಮತ್ತು ಪೊಲೀಸ್ ವರದಿ

‘ದಿ ವುಲ್ಫ್ ಮ್ಯಾನ್’ ನಾಯಕ ಲ್ಯಾರಿ ಟಾಲ್ಬಟ್ ಕೋಟೆಯ ವಾರಸುದಾರ. ತೋಳ ಕಚ್ಚೋ ಮುಂಚೆಯೇ ಅವನು ಮಾಡೋ ಮೊದಲ ಕೆಲಸ ಏನು ಗೊತ್ತಾ? ಅಪ್ಪನ ದೂರದರ್ಶಕ ತಿರುಗಿಸಿ ಊರಿನ ಹುಡುಗಿಯೊಬ್ಬಳ ಕೋಣೆಯೊಳಗೆ ಇಣುಕಿ ನೋಡೋದು. ಆಮೇಲೆ ಅವಳ ಅಂಗಡಿಗೇ ಹೋಗಿ, ನಿನ್ನ ಕೋಣೆಯಲ್ಲಿರೋ ಓಲೆ ಬೇಕು ಅಂತ ಕೇಳ್ತಾನೆ. ಸಿನಿಮಾ ಇದನ್ನ ತುಂಟತನ ಅಂತ ತೋರಿಸುತ್ತೆ. ಇವತ್ತು ನೋಡೋವಾಗ ಮೃಗ ಯಾವ ಗಳಿಗೆಯಲ್ಲಿ ಹುಟ್ಟಿತು ಅನ್ನೋದರ ಬಗ್ಗೆ ನಿಮಗೂ ಅನುಮಾನ ಬರುತ್ತೆ.

ಹುಡುಗಿಯ ಗೆಳತಿಯನ್ನ ತೋಳ ಕೊಲ್ಲುತ್ತೆ. ಲ್ಯಾರಿ ಬೆಳ್ಳಿ ಹಿಡಿಯ ಕೋಲಿನಿಂದ ತೋಳವನ್ನ ಬಡಿದು ಸಾಯಿಸ್ತಾನೆ, ಬೆಳಗಾದರೆ ಅಲ್ಲಿ ಬಿದ್ದಿರೋದು ಬೇಲಾನ ಹೆಣ. ಕೋಲು ಲ್ಯಾರಿಯದ್ದು. ಅರೆಸ್ಟ್ ಇಲ್ಲ. ಕತ್ತಲಲ್ಲಿ ಗೊಂದಲ ಆಗಿರಬೇಕು ಅಂತ ಕೋಟೆಯ ಯಜಮಾನ, ಡಾಕ್ಟರು, ಪೊಲೀಸ್ ಅಧಿಕಾರಿ ಮಾತಾಡಿಕೊಳ್ತಾರೆ. ಕೊನೆಗೆ ತೋಳವಾಗಿ ಹುಡುಗಿಯ ಮೇಲೆ ಬಿದ್ದ ಲ್ಯಾರಿಯನ್ನ ಅವನ ಅಪ್ಪನೇ ಅದೇ ಕೋಲಿನಿಂದ ಕೊಲ್ಲಬೇಕಾಗುತ್ತೆ. ಸ್ಥಳಕ್ಕೆ ಬಂದ ಅಧಿಕಾರಿ ಏನಂತಾನೆ? ತೋಳ ಹುಡುಗಿಯ ಮೇಲೆ ಎರಗಿರಬೇಕು, ಲ್ಯಾರಿ ಕಾಪಾಡೋಕೆ ಬಂದಿರಬೇಕು ಅಂತ. ಸತ್ತವನು ಹುತಾತ್ಮ.

ಈಗ 1935ರ ಸಿನಿಮಾಕ್ಕೆ ವಾಪಸ್ ಹೋಗಿ. ತೋಳವಾಗಿ ಹೆಂಡತಿಯನ್ನ ಕೊಲ್ಲೋಕೆ ಹೊರಟ ಗ್ಲೆಂಡನ್‌ನನ್ನ ಸ್ಕಾಟ್ಲೆಂಡ್ ಯಾರ್ಡ್ ಮುಖ್ಯಸ್ಥ ಗುಂಡಿಟ್ಟು ಕೊಲ್ತಾನೆ. ಆಮೇಲೆ, ಹೆಂಡತಿಯನ್ನ ರಕ್ಷಿಸೋಕೆ ಹೋಗಿದ್ದವನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು ಅಂತ ವರದಿ ಬರೀತೀನಿ ಅಂತಾನೆ. ಆರು ವರ್ಷದ ಅಂತರ, ಎರಡು ಬೇರೆ ಕತೆ, ಕೊನೆಯ ಎಫ್‌ಐಆರ್ ಒಂದೇ. ಯೋಗಾಮಿಗೂ ಬೇಲಾಗೂ ಇಂಥ ವರದಿ ಬರೆಯೋರು ಯಾರೂ ಇಲ್ಲ.

ಇದರ ಮೂಲಮಾದರಿ ನಮ್ಮ ದೇಶದಲ್ಲೇ ಇದೆ. ರುಡ್ಯಾರ್ಡ್ ಕಿಪ್ಲಿಂಗ್ 1890ರಲ್ಲಿ ‘ದಿ ಮಾರ್ಕ್ ಆಫ್ ದಿ ಬೀಸ್ಟ್’ ಅನ್ನೋ ಕತೆ ಬರೆದ. ಕುಡಿದ ಇಂಗ್ಲಿಷನೊಬ್ಬ ಹೊಸ ವರ್ಷದ ರಾತ್ರಿ ಹನುಮಂತನ ಗುಡಿಗೆ ನುಗ್ಗಿ ವಿಗ್ರಹದ ಹಣೆಗೆ ಸಿಗಾರ್ ಒತ್ತುತ್ತಾನೆ. ಗುಡಿಯಲ್ಲಿದ್ದ ಕುಷ್ಠರೋಗಿಯೊಬ್ಬ ಬಂದು ಅವನ ಎದೆಗೆ ತಲೆ ಆನಿಸುತ್ತಾನೆ. ಇಂಗ್ಲಿಷನಿಗೆ ಹಸಿ ಮಾಂಸದ ಹುಚ್ಚು ಹಿಡಿಯುತ್ತೆ, ತೋಳದ ಹಾಗೆ ಊಳಿಡ್ತಾನೆ. ಸ್ಟ್ರಿಕ್‌ಲ್ಯಾಂಡ್ ಅನ್ನೋ ಪೊಲೀಸ್ ಅಧಿಕಾರಿ ಆ ಕುಷ್ಠರೋಗಿಯನ್ನ ಹಿಡಿದು ಕಟ್ಟಿ, ಕಾದ ಬಂದೂಕಿನ ನಳಿಗೆ ಹಿಡಿದು ಶಾಪ ತೆಗೆಸ್ತಾನೆ. ಆ ರಾತ್ರಿ ಏನು ಮಾಡಿದೆವು ಅನ್ನೋದನ್ನ ಅಚ್ಚು ಹಾಕೋ ಹಾಗಿಲ್ಲ ಅಂತ ನಿರೂಪಕ ಅಲ್ಲಿ ಜಾರಿಕೊಳ್ತಾನೆ. ಲಾಕಪ್ಪಿನ ಚಿತ್ರಹಿಂಸೆ ಬಗ್ಗೆ ಇಷ್ಟು ಪ್ರಾಮಾಣಿಕವಾದ ಸುಳ್ಳು ಇಂಗ್ಲಿಷ್ ಸಾಹಿತ್ಯದಲ್ಲಿ ಕಮ್ಮಿ. ಕಿಪ್ಲಿಂಗ್ ಯಾರ ಪರ ಅಂತ ಹೇಳೋದು ಈ ಕತೆಯಲ್ಲಿ ಅಷ್ಟು ಸುಲಭ ಅಲ್ಲ, ಅದು ಅವನ ದೊಡ್ಡತನವೂ ಹೌದು.

ಕಾರಾಪುರದ ಹುಡುಗ

ಅದೇ ಕಿಪ್ಲಿಂಗ್‌ನ ಇನ್ನೊಂದು ಕತೆಯನ್ನ ಹುಡುಕಿಕೊಂಡು 1935ರಲ್ಲಿ ಒಂದು ಸಿನಿಮಾ ತಂಡ ಮೈಸೂರಿಗೆ ಬಂತು. ಸಾಕ್ಷ್ಯಚಿತ್ರಕ್ಕೆ ಹೆಸರಾದ ರಾಬರ್ಟ್ ಫ್ಲಾಹರ್ಟಿ ನಿರ್ದೇಶಕ, ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾ ನಿರ್ಮಾಪಕ. ಆನೆ, ಕಾಡು, ಖೆಡ್ಡಾ ಎಲ್ಲಕ್ಕೂ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ಸಹಾಯ. ತಂಡ ಬಿಡಾರ ಹೂಡಿದ್ದು ಚಿತ್ತರಂಜನ್ ಮಹಲಿನಲ್ಲಿ. ಹುಣಸೂರು ರಸ್ತೆಯಲ್ಲಿ ಇವತ್ತು ಗ್ರೀನ್ ಹೋಟೆಲ್ ಅಂತ ನಾವು ನೋಡೋ ಕಟ್ಟಡ ಅದೇ. ಮುಂದೆ ಪ್ರೀಮಿಯರ್ ಸ್ಟುಡಿಯೋ ಬೆಳೆದಿದ್ದೂ ಅಲ್ಲೇ. 1989ರ ಫೆಬ್ರವರಿಯಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಚಿತ್ರೀಕರಣದ ಬೆಂಕಿಯಲ್ಲಿ 62 ಜನ ಸತ್ತ ಸ್ಟುಡಿಯೋ. ಮೈಸೂರಿನ ಸಿನಿಮಾ ಚರಿತ್ರೆಯ ಎಷ್ಟೊಂದು ಈ ಒಂದು ಕಾಂಪೌಂಡಿನಲ್ಲಿದೆ ಅಂತ ಆ ರಸ್ತೆಯಲ್ಲಿ ಹೋಗೋವಾಗಲೆಲ್ಲ ಅನ್ನಿಸುತ್ತೆ.

ಮಹಾರಾಜರ ಆನೆ ಲಾಯದಲ್ಲಿ ತಂಡದ ಕಣ್ಣಿಗೆ ಬಿದ್ದವನು ಸೇಲಾರ್ ಶೇಕ್ ಸಾಬು. ಹುಟ್ಟಿದ್ದು 1924ರ ಜನವರಿ 27, ಕಾರಾಪುರ. ಅಪ್ಪ ಅರಮನೆಯ ಮಾವುತ, ಆಗಲೇ ತೀರಿಕೊಂಡಿದ್ದರು. ‘ಎಲಿಫೆಂಟ್ ಬಾಯ್’ 1937ರಲ್ಲಿ ಬಂತು, ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಪಡೀತು. ಹುಡುಗ ಅಣ್ಣ ಶೇಕ್ ದಸ್ತಗೀರ್ ಜೊತೆ ಇಂಗ್ಲೆಂಡಿಗೆ ಹೋದ. ಕಡತದಲ್ಲಿ ಅಣ್ಣನ ಹೆಸರು ತಮ್ಮನಿಗೆ ಅಂಟಿಕೊಂಡು ಪ್ರಪಂಚ ಅವನನ್ನ ‘ಸಾಬು ದಸ್ತಗೀರ್’ ಅಂತ ಕರೀತು. ಅವನ ಸ್ವಂತ ಹೆಸರನ್ನೂ ಸರಿಯಾಗಿ ಬರಕೊಳ್ಳದ ಉದ್ಯಮ ಅದು.

1938ರ ‘ದಿ ಡ್ರಮ್’ ಸಿನಿಮಾದಲ್ಲಿ ಸಾಬು ಗಡಿನಾಡಿನ ರಾಜಕುಮಾರ, ಬ್ರಿಟಿಷರ ನೆಚ್ಚಿನ ಹುಡುಗ. ಅವನನ್ನ ಮುದ್ದು ಮಾಡೋ ಇಂಗ್ಲಿಷ್ ದೊರೆಸಾನಿ ಯಾರು? ವ್ಯಾಲೆರಿ ಹಾಬ್ಸನ್, ಲಂಡನ್ ತೋಳದ ಹೆಂಡತಿ. ಮೂರು ವರ್ಷದ ಹಿಂದೆ ಟಿಬೆಟ್‌ನ ಸೋಂಕು ಮನೆಗೆ ಬಂದು ನರಳಿದವಳು, ಈಗ ‘ಒಳ್ಳೆಯ ಪೂರ್ವ’ವನ್ನ ಸಾಕೋಳು. ಪೂರ್ವದವನು ಕಚ್ಚಬಹುದು ಇಲ್ಲಾ ಬಾಲ ಅಲ್ಲಾಡಿಸಬಹುದು, ಮೂರನೇ ಪಾತ್ರ ಇರಲಿಲ್ಲ. ‘ದಿ ಡ್ರಮ್’ ಬಾಂಬೆ, ಮದ್ರಾಸುಗಳಲ್ಲಿ ಬಂದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು, ಪ್ರದರ್ಶನ ನಿಲ್ಲಿಸಬೇಕಾಯ್ತು.

1942ರಲ್ಲಿ ಜೋಲ್ಟಾನ್ ಕೊರ್ಡಾ ನಿರ್ದೇಶನದ ‘ಜಂಗಲ್ ಬುಕ್’. ತೋಳಗಳು ಸಾಕಿದ ಮೌಗ್ಲಿ ಆಗಿ ಸಾಬು. ತೋಳಮನುಷ್ಯನ ಸಿನಿಮಾ ಬಿಡುಗಡೆಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಕಿಪ್ಲಿಂಗ್‌ನ ಮೂಲ ಕತೆಯಲ್ಲಿ ಒಂದು ಜಾಗ ಇದೆ: ಬೇಟೆಗಾರ ಬುಲ್ದೇವ್ ನೆಲಕ್ಕೆ ಬಿದ್ದು ನಡುಗ್ತಾ, ಈ ಹುಡುಗ ಈಗ ಹುಲಿಯಾಗ್ತಾನೆ, ಇನ್ನೇನು ಆಗೇಬಿಡ್ತಾನೆ ಅಂತ ಕಾಯ್ತಾನೆ. ಹುಡುಗ ಆಗೋದಿಲ್ಲ. ಆದರೂ ಊರು ಅವನನ್ನ ಮಾಟಗಾರ ಅಂತ ಕಲ್ಲು ಹೊಡೆದು ಓಡಿಸುತ್ತೆ. ಕಾಡಿನ ತೋಳಗಳು ಮನುಷ್ಯ ಅಂತ ಹೊರಗೆ ಹಾಕ್ತಾವೆ, ಊರಿನವರು ತೋಳ ಅಂತ ಹೊರಗೆ ಹಾಕ್ತಾರೆ. ಲ್ಯಾರಿ ಟಾಲ್ಬಟ್ ಚರ್ಚಿಗೆ ಬಂದಾಗ ಕೂತ ಜನರೆಲ್ಲ ಒಬ್ಬೊಬ್ಬರಾಗಿ ತಿರುಗಿ ದಿಟ್ಟಿಸೋ ದೃಶ್ಯ ‘ದಿ ವುಲ್ಫ್ ಮ್ಯಾನ್’ನಲ್ಲಿದೆ. ಆ ದೃಶ್ಯ ಭಯಂಕರವಾಗಿದೆ, ಆದರೆ ಅವನ ಹಿಂದೆ ಒಂದು ಕೋಟೆ ಇತ್ತು. ಮೌಗ್ಲಿಗೆ ಕೌಪೀನ ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ಸಾಬು ಯೂನಿವರ್ಸಲ್ ಸೇರಿದ. ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, 1944ರಲ್ಲಿ ‘ಕೋಬ್ರಾ ವುಮನ್’. ಮೂರರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮಾರಿಯಾ ಮಾಂಟೆಜ್, ಸಾಬು ಗೆಳೆಯ. ನಾಯಕಿಯನ್ನ ಸಾಬು ಕಾಪಾಡಬಹುದು, ಪ್ರೀತಿಸೋ ಹಾಗಿಲ್ಲ. ‘ಕೋಬ್ರಾ ವುಮನ್’ನಲ್ಲಿ ಅವನ ಜೊತೆಗಾರ ಒಂದು ಚಿಂಪಾಂಜಿ. ಈ ಸಿನಿಮಾದ ನಿರ್ದೇಶಕ ರಾಬರ್ಟ್ ಸಿಯೋಡ್ಮಾಕ್, ತೋಳಮನುಷ್ಯನನ್ನ ಬರೆದ ಕರ್ಟ್‌ನ ಅಣ್ಣ. ಮಾತು ಬಾರದ ಹಾವಾ ಅನ್ನೋ ಪಾತ್ರದಲ್ಲಿ ಇರೋದು ಲಾನ್ ಚೇನಿ ಜೂನಿಯರ್, ಸಾಕ್ಷಾತ್ ತೋಳಮನುಷ್ಯ. ಬರ್ಲಿನ್ನಿನಿಂದ ಓಡಿಬಂದ ಯಹೂದಿ ಮತ್ತು ಕಾರಾಪುರದ ಮಾವುತನ ಮಗ ಹೀಗೆ ಒಂದೇ ಸೆಟ್ಟಿನಲ್ಲಿ, ಹಾವು ಪೂಜಿಸೋ ಒಂದು ಸುಳ್ಳು ದ್ವೀಪದ ಕತೆಗೆ ಸೇರಿಕೊಂಡಿದ್ದರು. ಸಿನಿಮಾ ಶುದ್ಧ ಅಸಂಬದ್ಧ. ನೋಡೋಕೆ ಮಜವಾಗಿದೆ.

ಇನ್ನೊಂದು ಕಡೆ ಕಾನೂನಿನ ಕತೆ ನಡೀತಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ‘ಬಿಳಿಯರು’ ಅಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತ್ತು. ಆಗಲೇ ಪೌರತ್ವ ಸಿಕ್ಕಿದ್ದ ಹಲವರಿಂದ ಅದನ್ನ ಕಿತ್ತುಕೊಂಡರು. ಕಾನೂನು ಬದಲಾಗಿದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ, ಅದೂ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ ವಲಸೆಯ ಅವಕಾಶ. ಸಾಬು ಅವರು ಅಮೆರಿಕದ ಪ್ರಜೆಯಾಗಿದ್ದು ಅದಕ್ಕೂ ಮುಂಚೆ, 1944ರಲ್ಲಿ, ಯುದ್ಧದ ನಡುವೆ. ಬಿ-24 ಬಾಂಬರ್‌ಗಳಲ್ಲಿ ಗನ್ನರ್ ಆಗಿ ಪೆಸಿಫಿಕ್ ಯುದ್ಧದಲ್ಲಿ ಹಾರಾಡಿದರು, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ವಾಪಸ್ ಬಂದಾಗ ಕಾದಿದ್ದ ಪಾತ್ರಗಳು ಹೆಚ್ಚುಕಮ್ಮಿ ಅವೇ: ಕಾಡು, ಆನೆ, ಹುಲಿ. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಇವರನ್ನೇ. ಅಮೆರಿಕದ ಪ್ರಜೆ ಅನ್ನೋ ಕಾರಣಕ್ಕೆ ಇಲ್ಲಿ ಕೆಲಸ ಮಾಡೋ ಪರವಾನಗಿ ಸಿಗಲಿಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತ, ವಯಸ್ಸು 39.

ನಮ್ಮಲ್ಲಿ ಮನುಷ್ಯರು ಏನಾಗ್ತಾರೆ

ಕನ್ನಡದ ಕತೆಗಳಲ್ಲೂ ಜನ ರೂಪ ಬದಲಿಸ್ತಾರೆ, ಆದರೆ ಅಲ್ಲಿ ಭಯ ಇರೋ ಜಾಗ ಬೇರೆ. ಮೈಸೂರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕತೆಯೊಂದರಲ್ಲಿ ಬಡ ಹುಡುಗಿ ಹೂವಿನ ಮರವಾಗ್ತಾಳೆ. ಹೂವು ಬಿಡಿಸಿ ಮಾರಿ ತಾಯಿಯನ್ನ ಸಾಕೋಕೆ. ಮರದಿಂದ ಯಾರಿಗೂ ಅಪಾಯ ಇಲ್ಲ. ಸಿರಿವಂತರ ಮನೆಯ ಹುಡುಗಿಯರು ಕೊಂಬೆ ಮುರಿದು, ಅರ್ಧ ಮನುಷ್ಯ ಅರ್ಧ ಮರವಾಗಿ ಬಿಟ್ಟು ಹೋಗ್ತಾರೆ. ಗಿರೀಶ್ ಕಾರ್ನಾಡರು ಇದನ್ನೇ 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದರು. ‘ನಾಗಮಂಡಲ’ದಲ್ಲಿ ಹಾವು ಗಂಡನ ರೂಪ ತಾಳಿ ಬರುತ್ತೆ, ಮತ್ತು ಅಸಲಿ ಗಂಡನಿಗಿಂತ ಒಳ್ಳೆಯದಾಗಿ ನಡಕೊಳ್ಳುತ್ತೆ.

ಸಿನಿಮಾದಲ್ಲೂ ನಾವು ತೋಳದ ಕಡೆ ಹೋಗಲಿಲ್ಲ. ಡಿ. ಶಂಕರ್‌ಸಿಂಗ್ ಮತ್ತು ಬಿ. ವಿಠಲಾಚಾರ್ಯ ಸೇರಿ ಮೈಸೂರಲ್ಲಿ ಕಟ್ಟಿದ ಮಹಾತ್ಮಾ ಪಿಕ್ಚರ್ಸ್ 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’ ತೆಗೀತು. ಎರಡನೆಯದಂತೂ ಆ ಕಾಲಕ್ಕೆ ಭಾರಿ ಹಿಟ್. ವಿಠಲಾಚಾರ್ಯರು ಆಮೇಲೆ ತೆಲುಗಿಗೆ ಹೋಗಿ ಮಾಯಾಮಂತ್ರದ ಸಿನಿಮಾಗಳ ದೊರೆಯಾದರು, 1978ರಲ್ಲಿ ‘ಜಗನ್ಮೋಹಿನಿ’ ಹೆಸರಲ್ಲೇ ಇನ್ನೊಂದು ತೆಗೆದರು. ಈ ಸಿನಿಮಾಗಳ ಹೆಂಗಸರ ಚಿತ್ರಣದ ಬಗ್ಗೆ ನನಗೆ ಬೇಕಾದಷ್ಟು ತಕರಾರಿದೆ, ಅದು ಬೇರೆಯೇ ಲೇಖನ.

ಹಾಗಂತ ನಮ್ಮಲ್ಲಿ ತೋಳಮನುಷ್ಯ ಇಲ್ಲ ಅಂತ ಹೆಮ್ಮೆ ಪಡೋ ಹಾಗಿಲ್ಲ. 1996ರಲ್ಲಿ ಪೂರ್ವ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ತೋಳಗಳು ಮಕ್ಕಳನ್ನ ಕೊಂದವು. ಇದು ಬರೀ ತೋಳ ಅಲ್ಲ, ಮನುಷ್ಯನೇ ತೋಳವಾಗಿ ಬರ್ತಿದ್ದಾನೆ, ಪಾಕಿಸ್ತಾನದವರು ವೇಷ ಹಾಕಿ ಬಂದಿದ್ದಾರೆ ಅಂತ ಗಾಳಿಸುದ್ದಿ ಎದ್ದಿತು. ಜನ ಅಪರಿಚಿತರನ್ನ ಹಿಡಿದು ಹೊಡೆದು ಕೊಂದರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅಂತ ನಮ್ಮ ಗಾದೆ. ಹಳ್ಳಕ್ಕೆ ಬಿದ್ದದ್ದು ತೋಳವೇ ಅಂತ ಯಾರು ನೋಡಿದರು?

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕಲ್ಲು ಬಿದ್ದಿದ್ದು ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಮೇಲೆ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಯ್ತು. ಮಕ್ಕಳ ಕಳ್ಳರು ಅಂತ ವಾಟ್ಸಪ್ಪಿನಲ್ಲಿ ಹಬ್ಬಿತು, ಗುಂಪು ಸೇರಿತು. ಎರಡು ತಿಂಗಳ ಹಿಂದೆ ಬೆಂಗಳೂರಿನ ಕಾಟನ್‌ಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಒಬ್ಬನನ್ನ ಇದೇ ಅನುಮಾನಕ್ಕೆ ಕೊಂದಿದ್ದರು. ‘ವುಲ್ಫ್ ಬ್ಲಡ್’ ನೆನಪಾಗೋದು ಇಂಥ ಸುದ್ದಿ ಓದುವಾಗ. ಅಲ್ಲೂ ಕೂದಲು ಬೆಳೆಯಲೇ ಇಲ್ಲ.

ನಿಜವಾದ ತೋಳ ಈ ಗಲಾಟೆಯಲ್ಲಿ ಕಾಣೆಯಾಗ್ತಿರೋ ಪ್ರಾಣಿ. ಮೇಲುಕೋಟೆಯ ಸುತ್ತ 1974ರಲ್ಲಿ ವನ್ಯಧಾಮ ಮಾಡಿದ್ದು ಅಲ್ಲಿದ್ದ ತೋಳಗಳಿಗಾಗಿಯೇ. ಗಂಗಾವತಿ ಹತ್ತಿರದ ಬಂಕಾಪುರದಲ್ಲೂ ಈಗ ತೋಳಧಾಮ ಇದೆ. ಆ ಕಡೆ ಕುರುಬರ ಹಟ್ಟಿಯಲ್ಲಿ ಆಗೀಗ ಒಂದು ಕುರಿ ತೋಳದ ಪಾಲಾಗುತ್ತೆ. ಅದಕ್ಕೆ ಯಾವ ದೇಶದ ಪಿತೂರಿಯ ಕತೆಯನ್ನೂ ಅವರು ಕಟ್ಟೋದಿಲ್ಲ.

ನೋಡೋದಾದರೆ

1913ರದ್ದು ಸಿಗೋದಿಲ್ಲ. ‘ವುಲ್ಫ್ ಬ್ಲಡ್’ ಮತ್ತು 1942ರ ‘ಜಂಗಲ್ ಬುಕ್’ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ‘ದಿ ವುಲ್ಫ್ ಮ್ಯಾನ್’ ಬರೀ 70 ನಿಮಿಷ. ಲ್ಯಾರಿ ತೋಳವಾಗೋ ದೃಶ್ಯದಲ್ಲಿ ಕ್ಯಾಮೆರಾ ಅವನ ಕಾಲನ್ನಷ್ಟೇ ತೋರಿಸುತ್ತೆ, ಮುಖ ಬದಲಾಗೋದು ಕಾಣೋದು ಅವನು ಸಾಯೋವಾಗ, ಅದೂ ತೋಳದಿಂದ ಮನುಷ್ಯನ ಕಡೆಗೆ. ಕೂತಿದ್ದಾಗ ಬಿಳಿ ಬನಿಯನ್ ಹಾಕಿದ್ದವನು ತೋಳವಾಗಿ ಹೊರಬಂದಾಗ ಕಪ್ಪು ಅಂಗಿಯ ಗುಂಡಿ ಹಾಕಿಕೊಂಡಿರೋದನ್ನೂ ಗಮನಿಸಿ. ‘ವೇರ್‌ವುಲ್ಫ್ ಆಫ್ ಲಂಡನ್’ ನೋಡಿದ ಮಾರನೇ ದಿನವೇ ‘ದಿ ಡ್ರಮ್’ ನೋಡಿ. ‘ಕೋಬ್ರಾ ವುಮನ್’ ಕೊನೆಗಿರಲಿ. ಅದರ ಪೋಸ್ಟರಿನಲ್ಲಿ ಮಾಂಟೆಜ್, ಹಾಲ್ ಜೊತೆ ದೊಡ್ಡದಾಗಿ ಇರೋ ಹೆಸರು ಸಾಬುದು. ತೋಳಮನುಷ್ಯ ಚೇನಿಯದ್ದು ಅವರ ನಂತರ ಬರುತ್ತೆ.